ಜಮೀನು ಮಾರಿ ಪರಿಸರ ಓದಬೇಡ ತಮ್ಮಾ, ಜಮೀನಿನಲ್ಲಿ ನಿಂತೇ ಮಾತಾಡು

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಹೊಸಕೋಟೆ ಕಡೆಯ ಹುಡುಗ, ಬಿಎಸ್‌ಸಿ ಅಗ್ರಿ ಮುಗಿಸಿದ್ದಾನೆ. ಈ ಅಂಕಣ ಓದಿ ಆಗಾಗ ಮೆಸೇಜ್ ಮಾಡುತ್ತಿದ್ದವನು.

"ಅಕ್ಕಾ, ಕ್ಲೈಮೇಟ್ ಪಾಲಿಸೀಲಿ ಕೆಲ್ಸ ಮಾಡ್ಬೇಕು ಅಂತಿದೀನಿ. ಫಾರಿನ್ನಲ್ಲಿ ಎಂಎಸ್ ಸೀಟು ಸಿಕ್ಕಿದೆ. ಅಪ್ಪ ರೋಡ್ ಸೈಡ್ ಹದಿನೈದು ಗುಂಟೆ ಮಾರ್ತೀನಿ ಅಂತಿದಾರೆ. ಮಾರಿಸ್ಬಿಡ್ಲಾ?"

ಇರೋದೇ ಎರಡು ಎಕರೆ. ಬೋರ್‌ವೆಲ್ ಇರೋದೂ ಆ ಹದಿನೈದು ಗುಂಟೆಯಲ್ಲೇ. ಅದು ಹೋದರೆ ಉಳಿದ ಜಮೀನು ಮಳೆ ನಂಬಿಕೊಂಡು ರಾಗಿ ಹಾಕೋದಕ್ಕೆ ಮಾತ್ರ. ಅಂದರೆ, ಭೂಮಿ ಉಳಿಸೋದು ಹೇಗೆ ಅಂತ ಓದೋಕೆ ಭೂಮಿಯನ್ನೇ ಮಾರಬೇಕು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ಎರಡು ದಿನ ಟೈಮ್ ಕೊಡಪ್ಪ" ಅಂದೆ. ಆಮೇಲೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಈ ಪ್ರಶ್ನೆ ಕೇಳ್ತಿರೋನು ಅವನೊಬ್ಬನೇ ಅಲ್ಲ.

ಈ ಕೆಲಸ ಅಂದ್ರೆ ಏನು?

ಪರಿಸರ ನೀತಿ, ಕ್ಲೈಮೇಟ್ ಅಡ್ವೊಕಸಿ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ಬಿಡಿಸಿ ನೋಡಿದರೆ ಅದು ಕೊನೆಗೆ ಒಂದು ಅಂಕಿಗೆ ಬಂದು ನಿಲ್ಲುತ್ತೆ. ಕೆರೆ ಅಂಚಿನಿಂದ ಎಷ್ಟು ಮೀಟರ್ ಬಿಟ್ಟು ಕಟ್ಟಡ ಕಟ್ಟಬೇಕು? ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಬೇಕೋ, ಮೂರು ಹಂತವೋ? ಯಾವ ಊರಿನ ಎಷ್ಟು ಎಕರೆ ಕೈಗಾರಿಕೆಗೆ ಹೋಗಬೇಕು? ಈ ಅಂಕಿಯನ್ನು ಯಾರೋ ಒಬ್ಬರು ಒಂದು ಕೋಣೆಯಲ್ಲಿ ಕೂತು ಬರೀತಾರೆ. ಆ ಅಂಕಿ ಸರಿಯಾಗಿರುವ ಹಾಗೆ ಓದಿ, ಅಳೆದು, ವಾದಿಸಿ, ಬೆನ್ನು ಬೀಳೋದೇ ಈ ಕೆಲಸ.

ಒಂದು ಉದಾಹರಣೆ ಕೊಡ್ತೀನಿ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕು ಅಂತ ಹೇಳಿತು. ಬೆಳ್ಳಂದೂರು ಹತ್ತಿರದ ಕಟ್ಟಡ ಯೋಜನೆಗಳ ವಿರುದ್ಧ ನಾಗರಿಕರು ಹಾಕಿದ್ದ ಕೇಸು ಅದು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ನಗರದ ಮಾಸ್ಟರ್ ಪ್ಲಾನ್‌ನಲ್ಲಿ ಇರೋದನ್ನು ನ್ಯಾಯಮಂಡಳಿ ಬದಲಾಯಿಸೋ ಹಾಗಿಲ್ಲ ಅನ್ನೋದು ಕಾರಣ. ಅಲ್ಲಿಗೆ ಮತ್ತೆ ಮಾಸ್ಟರ್ ಪ್ಲಾನ್‌ನ 30 ಮೀಟರ್. ಮೂರು ವರ್ಷ ನಡೆದ ಈ ಜಗ್ಗಾಟದಲ್ಲಿ ಬಿಲ್ಡರ್‌ಗಳ ವಕೀಲರಿದ್ದರು, ಅಪಾರ್ಟ್‌ಮೆಂಟ್ ಕಡೆಯ ನಾಗರಿಕರಿದ್ದರು, ಸರ್ಕಾರ ಇತ್ತು. ಆ ಕೆರೆಯ ಕೋಡಿ ಕೆಳಗೆ ಬೆಳೆ ಬೆಳೆಯೋರ ದನಿ ಎಲ್ಲಿತ್ತು?

ಕೋಡಿಯ ಕೆಳಗಿನವರು

ನನ್ನ ತೋಟ ಇರೋದು ಸರ್ಜಾಪುರ ಹೋಬಳಿಯಲ್ಲಿ. ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಅದರ ನೀರು ವರ್ತೂರು ಕೆರೆಗೆ, ವರ್ತೂರಿಂದ ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿನ ಹೊಸೂರು ಹತ್ತಿರದ ಕೆಲವರಪಳ್ಳಿ ಡ್ಯಾಮಿಗೆ. ಬೆಳ್ಳಂದೂರಿನ ನೊರೆ, ಬೆಂಕಿ ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ. 2018ರ ಜನವರಿಯಲ್ಲಂತೂ ಬೆಂಕಿ ಆರಿಸೋಕೆ ಸೈನಿಕರೇ ಬರಬೇಕಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಕೆರೆ ಸರಿಪಡಿಸೋಕೆ 500 ಕೋಟಿ ರೂಪಾಯಿ ತೆಗೆದಿಡಿ ಅಂತ ರಾಜ್ಯ ಸರ್ಕಾರಕ್ಕೆ ಹೇಳಿ, ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು.

ಆದರೆ ಟಿವಿ ಕ್ಯಾಮೆರಾ ಕೆರೆ ಏರಿ ಮೇಲೇ ನಿಂತುಬಿಡುತ್ತೆ. ನೀರು ನಿಲ್ಲಲ್ಲ, ಹರಿದು ಬರುತ್ತೆ.

ಈ ಕಥೆ ನಮ್ಮ ಕಡೆ ಮಾತ್ರ ಅಲ್ಲ. ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಇಳಿದಿರೋದು ಹೊಸ ಸುದ್ದಿಯೇನಲ್ಲ. ವೃಷಭಾವತಿ ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನೆಲ್ಲ ಹೊತ್ತುಕೊಂಡು ಬಿಡದಿ ಹತ್ತಿರದ ಭೈರಮಂಗಲ ಕೆರೆಗೆ ಸೇರುತ್ತೆ. ಆ ನೀರಲ್ಲೇ ಅಲ್ಲಿನವರು ಬೇಬಿ ಕಾರ್ನ್, ಸೀಮೆ ಹುಲ್ಲು, ಹಿಪ್ಪುನೇರಳೆ ಬೆಳೀತಾರೆ. ಎಲೆಕ್ಟ್ರಾನಿಕ್ ಸಿಟಿ 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಶುರುವಾಗಿದ್ದು. ಇವತ್ತು ಅದರ ಸುತ್ತ ಎಲ್ಲಿವರೆಗೆ ಕಟ್ಟಡ ಬಂದಿದೆ ಅಂತ ಆನೇಕಲ್‌ನ ಗುಲಾಬಿ ಬೆಳೆಗಾರರನ್ನು ಕೇಳಿ ನೋಡಿ.

ನನ್ನ ಬಾವಿ ಕಲಿಸಿದ ಪಾಠ

ನಾನು ತೋಟಗಾರಿಕೆ ಪದವಿ ಮುಗಿಸಿ, ನಾಲ್ಕು ವರ್ಷ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಅಪ್ಪನ ಜಮೀನಿಗೆ ವಾಪಸ್ ಬಂದೋಳು. ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್‌ಗಳಿಗೆ ವಾರಕ್ಕೆರಡು ಸಲ ಸೊಪ್ಪು-ತರಕಾರಿ ಬುಟ್ಟಿ ಕಳಿಸುತ್ತಿದ್ದೆ. ದಂಟು, ಕೀರೆ, ಪಾಲಕ್, ಮೆಂತ್ಯ. ಗೊಬ್ಬರ ನಂದೇ, ಜೀವಾಮೃತ ನಂದೇ. ಹೆಮ್ಮೆಯಿಂದ "ಸಾವಯವ" ಅಂತ ಬರೆಸಿದ್ದೆ.

ಒಂದು ದಿನ ಒಬ್ಬ ಗ್ರಾಹಕಿ ಕೇಳಿದರು: "ಗೊಬ್ಬರ ಸರಿ ಕಣಮ್ಮ. ನೀರು ಎಲ್ಲಿಂದ?"

ನೀರು ಹಳ್ಳದ ಪಕ್ಕದ ತೆರೆದ ಬಾವಿಯಿಂದ. ಆ ವಾರವೇ ಬಾವಿ ನೀರು, ಸೊಪ್ಪು ಎರಡನ್ನೂ ಲ್ಯಾಬಿಗೆ ಕೊಟ್ಟೆ. ಸೊಪ್ಪಿನಲ್ಲಿ ಸೀಸದ ಪ್ರಮಾಣ ಇರಬೇಕಾದ್ದಕ್ಕಿಂತ ಜಾಸ್ತಿ ಬಂತು. ಆ ರಾತ್ರಿ ನಿದ್ದೆ ಮಾಡಲಿಲ್ಲ. ಮಕ್ಕಳಿರೋ ಮನೆಗಳಿಗೆ ಆ ಸೊಪ್ಪು ಕಳಿಸಿದ್ದೆ. ಬೆಳಗ್ಗೆ ಎದ್ದು ಮೂವತ್ತೆರಡು ಮನೆಗೂ ಫೋನ್ ಮಾಡಿ ವಿಷಯ ಹೇಳಿ, ಸೊಪ್ಪಿನ ಮಡಿಗಳನ್ನೆಲ್ಲ ಕಿತ್ತು ಹಾಕಿದೆ. ಹತ್ತೊಂಬತ್ತು ಮನೆಯವರು ಬುಟ್ಟಿ ನಿಲ್ಲಿಸಿದರು. ಅವರದ್ದು ತಪ್ಪು ಅಂತ ಹೇಳಲ್ಲ.

ಈಗ ಆ ಬಾವಿ ಪಕ್ಕದಲ್ಲಿ ಸೇವಂತಿಗೆ ಇದೆ. ಸೊಪ್ಪು ಮೇಲಿನ ತುಂಡಿನಲ್ಲಿ, ಬೋರ್‌ವೆಲ್ ಮತ್ತು ಕೃಷಿ ಹೊಂಡದ ನೀರಿನಲ್ಲಿ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಗ್ರಾಹಕರ ವಾಟ್ಸಾಪ್ ಗುಂಪಿಗೆ ಹಾಕ್ತೀನಿ.

ಅವತ್ತು ನನಗೆ ಒಂದು ಅರ್ಥ ಆಯ್ತು. ನನ್ನ ಬೇಲಿಯೊಳಗೆ ನಾನು ಎಷ್ಟೇ ಶುದ್ಧವಾಗಿ ಬೇಸಾಯ ಮಾಡಿದರೂ, ಬೇಲಿ ಆಚೆ ಯಾರೋ ಬರೆದ ಅಂಕಿ ನನ್ನ ಮಡಿಯೊಳಗೆ ಬಂದೇ ಬರುತ್ತೆ.

ದೂರು ಕೊಡೋಕೆ ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು ಕೇಳಿದ್ದು ಒಂದೇ ಮಾತು: "ದಾಖಲೆ ಏನಿದೆ?" ನನ್ನ ಹತ್ತಿರ ಒಂದು ಲ್ಯಾಬ್ ರಿಪೋರ್ಟ್, ತುಂಬ ಸಿಟ್ಟು ಬಿಟ್ಟರೆ ಏನೂ ಇರಲಿಲ್ಲ. ವಾಪಸ್ ಬಂದು ಒಂದು ನೋಟ್‌ಬುಕ್ ಇಟ್ಟೆ. ದಿನಾ ಬೆಳಗ್ಗೆ ಆರೂವರೆಗೆ ಹಳ್ಳದ ನೀರಿನ ಬಣ್ಣ, ವಾಸನೆ, ನೊರೆ, ಜಾಗದ ಗುರುತು ಬರೋ ಹಾಗೆ ಒಂದು ಫೋಟೊ. ಹದಿನಾಲ್ಕು ತಿಂಗಳು ಬರೆದೆ. ಮಂಗಳವಾರ, ಶುಕ್ರವಾರ ರಾತ್ರಿ ಕಳೆದ ಮೇಲೆ ನೀರು ಕಪ್ಪಾಗೋದು ಆ ಪುಸ್ತಕದಿಂದಲೇ ಗೊತ್ತಾಯ್ತು. ಟ್ಯಾಂಕರ್‌ನವರು ಆ ರಾತ್ರಿಗಳಲ್ಲಿ ಬಂದು ರಾಜಕಾಲುವೆಗೆ ಮಲ ಸುರಿದು ಹೋಗ್ತಿದ್ರು. ಆ ನೋಟ್‌ಬುಕ್ ಇಟ್ಟುಕೊಂಡು ಗ್ರಾಮಸಭೆಯಲ್ಲಿ ನಿಂತೆ. ಈ ಸಲ ಯಾರೂ ದಾಖಲೆ ಕೇಳಲಿಲ್ಲ. ನಡಾವಳಿಯಲ್ಲಿ ಬರೆಸಿದೆವು. ಟ್ಯಾಂಕರ್ ನಮ್ಮ ಕಡೆ ಬರೋದು ನಿಂತಿತು. ಬೇರೆ ಊರಿನ ಕಾಲುವೆಗೆ ಹೋಗ್ತಿರಬಹುದು, ಅದೂ ಗೊತ್ತು. ಅದಕ್ಕೇ ಪಕ್ಕದ ಊರಲ್ಲೂ ಒಬ್ಬರು ನೋಟ್‌ಬುಕ್ ಹಿಡಿಯೋರು ಬೇಕು ಅನ್ನೋದು.

ನೀರುಗಂಟಿಯಿಂದ ಪ್ರೊಫೆಸರ್‌ವರೆಗೆ

"ಇದೆಲ್ಲ ಓದಿದೋರ, ಪೇಟೆಯೋರ ಕೆಲಸ" ಅಂತ ನಮ್ಮಲ್ಲಿ ಒಂದು ಮಾತಿದೆ. ಅದು ನಿಜ ಅಲ್ಲ.

ಕೋಲಾರ, ಬೆಂಗಳೂರು ಕಡೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇದ್ದ. ತೂಬು ಯಾವಾಗ ಎತ್ತಬೇಕು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಬರ ಬಂದ ವರ್ಷ ಎಷ್ಟು ಭಾಗ ನಾಟಿ ಮಾಡಬೇಕು, ಇದೆಲ್ಲ ಅವನ ಲೆಕ್ಕ. ಊರ ಗೌಡನ ಗದ್ದೆಗೂ ಅವನು ಹೇಳಿದಷ್ಟೇ ನೀರು. ಇವತ್ತು ಇಂಗ್ಲಿಷಿನಲ್ಲಿ ಏನೇನೋ ಕರೀತಾರಲ್ಲ, ಆ ಕೆಲಸವನ್ನು ಅವನು ಒಂದು ಕೋಲು ಹಿಡಿದು ಮಾಡ್ತಿದ್ದ. ಒಂದು ಕಹಿ ಮಾತನ್ನೂ ಹೇಳಲೇಬೇಕು. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತ ಮನೆತನದವರು. ನೀರು ಹಂಚೋದು ಅವರು, ಗದ್ದೆ ಬೇರೆಯವರದ್ದು, ಅವರಿಗೆ ಸುಗ್ಗಿಯಲ್ಲಿ ಅಳೆದು ಕೊಡೋ ಕಾಳು. ಹೊಸ ಕಾಲದ ನೀರುಗಂಟಿಗೆ ಜವಾಬ್ದಾರಿ ಜೊತೆ ಸಂಬಳವೂ, ಕೂರೋಕೆ ಕುರ್ಚಿಯೂ ಸಿಗಬೇಕು.

ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಕಾನೂನು ಪಾಠ ಹೇಳ್ತಿದ್ದವರು. 1980ರಲ್ಲಿ ಹುಟ್ಟಿದ ರೈತ ಸಂಘದ ವೇದಿಕೆಯಿಂದ ಡಂಕೆಲ್ ಪ್ರಸ್ತಾವವನ್ನು ಹಳ್ಳಿ ಹಳ್ಳಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಜಿನೀವಾದಲ್ಲಿ ಬರೆದ ಕಾಗದ ನಮ್ಮ ಬಿತ್ತನೆ ಬೀಜಕ್ಕೆ ಏನು ಮಾಡುತ್ತೆ ಅಂತ ಹಸಿರು ಶಾಲಿನ ರೈತ ಮಾತಾಡೋ ಹಾಗೆ ಮಾಡಿದ್ದು ಆ ಓದು.

2010ರ ಫೆಬ್ರುವರಿ 6ರಂದು ಬಿಟಿ ಬದನೆ ಬಗ್ಗೆ ಕೇಂದ್ರ ಸಚಿವ ಜೈರಾಮ್ ರಮೇಶ್ ಬೆಂಗಳೂರಿನಲ್ಲಿ ಸಾರ್ವಜನಿಕ ಅಹವಾಲು ಕೇಳಿದರು. ದೇಶದ ಏಳು ಊರುಗಳಲ್ಲಿ ನಡೆದ ಸಭೆಗಳಲ್ಲಿ ಅದು ಕೊನೆಯದು. ಉಡುಪಿಯ ಮಟ್ಟು ಗುಳ್ಳದಂಥ ನಾಟಿ ತಳಿಗಳ ಗತಿ ಏನು ಅನ್ನೋದು ಆಗ ಕರ್ನಾಟಕದಲ್ಲಿ ಎದ್ದ ದೊಡ್ಡ ಪ್ರಶ್ನೆ. ಮೂರು ದಿನ ಬಿಟ್ಟು, ಫೆಬ್ರುವರಿ 9ಕ್ಕೆ, ಬಿಟಿ ಬದನೆಗೆ ತಡೆ ಬಿತ್ತು. ನಾನಾಗ ಕಾಲೇಜಿನಲ್ಲಿದ್ದೆ. ಬಸ್ಸಿನಲ್ಲಿ ಒಂದು ಗಂಟೆ ದಾರಿ. ಇಂಟರ್ನಲ್ಸ್ ಇದೆ ಅಂತ ಹೋಗಲಿಲ್ಲ. ಆ ಪರೀಕ್ಷೆಯಲ್ಲಿ ಎಷ್ಟು ಮಾರ್ಕ್ಸ್ ಬಂತು ಅನ್ನೋದೂ ಈಗ ನೆನಪಿಲ್ಲ.

ಕೆ.ಸಿ. ವ್ಯಾಲಿ ಕಥೆ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 440 ದಶಲಕ್ಷ ಲೀಟರ್‌ವರೆಗೆ ಕೋಲಾರದ 126 ಕೆರೆಗಳಿಗೆ ತುಂಬಿಸೋ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಜುಲೈನಲ್ಲಿ ನೊರೆ ಬಂತು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿ ಕೋರ್ಟಿಗೆ ಹೋದರು. ಹೈಕೋರ್ಟ್ ತಡೆ ಕೊಟ್ಟಿತು, ತೆರವು ಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆಮೇಲೆ ಅದೂ ತೆರವಾಯಿತು. ನೀರು ಹರೀತಾ ಇದೆ.

ಇಲ್ಲಿ ರೈತರೆಲ್ಲ ಒಂದೇ ಕಡೆ ಇಲ್ಲ ಅನ್ನೋದು ಗಮನಿಸಿ. ಸಾವಿರಾರು ಅಡಿ ಕೊರೆದು ಸೋತ ಕೋಲಾರದ ರೈತನಿಗೆ ಬೋರ್‌ವೆಲ್‌ನಲ್ಲಿ ನೀರು ಕಾಣಿಸಿದ್ದು ಸಣ್ಣ ವಿಷಯ ಅಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನೋರ ಭಯವೂ ಸುಳ್ಳಲ್ಲ. "ನೀರು ಬೇಕಾ, ಬೇಡ್ವಾ" ಅಂತ ಕೇಳಿದರೆ ನಾವು ನಾವೇ ಜಗಳ ಆಡ್ತೀವಿ. "ನೀರು ಬೇಕು, ಇಂಥಾ ಗುಣಮಟ್ಟದ್ದು ಬೇಕು, ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ರಿಪೋರ್ಟನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಅಂಟಿಸಿ" ಅಂತ ಕೇಳೋಕೆ ಓದಿರೋ ರೈತ ಬೇಕು. ಅವನೇ ನಾನು ಹೇಳ್ತಿರೋ ಪಾಲಿಸಿ ಲೀಡರ್.

ಖಾಲಿ ಬಿದ್ದಿರೋ ಕುರ್ಚಿಗಳು

ಈ ಕೆಲಸಕ್ಕೆ ಮೊದಲ ಮೆಟ್ಟಿಲು ನಿಮ್ಮ ಊರಲ್ಲೇ ಇದೆ. ಹೆಚ್ಚಿನ ಕಡೆ ಅದರ ಮೇಲೆ ಯಾರೂ ಕೂತಿಲ್ಲ.

ಒಂದು, ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇದು ಇರಲೇಬೇಕು. ಊರಿನ ತಳಿ, ಗಿಡ, ಕೆರೆ, ಹಕ್ಕಿ ಎಲ್ಲ ಸೇರಿಸಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯೋದು ಇದರ ಕೆಲಸ. 2020ರ ಜನವರಿ ಒಳಗೆ ಎಲ್ಲ ಕಡೆ ಮುಗಿಸಿ, ಇಲ್ಲದಿದ್ದರೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಿ ಅಂತ ಹಸಿರು ನ್ಯಾಯಮಂಡಳಿ ರಾಜ್ಯಗಳಿಗೆ ಹೇಳಿದ ಮೇಲೆ ತುಂಬ ಕಡೆ ಅವಸರದಲ್ಲಿ ಕಾಗದದ ಮೇಲೆ ಸಮಿತಿ ಆಯಿತು. ನಾಳೆ ನಿಮ್ಮ ಪಿಡಿಒ ಹತ್ತಿರ ಹೋಗಿ ಕೇಳಿ: "ಸರ್, ನಮ್ಮ ಸಮಿತಿ ಸದಸ್ಯರು ಯಾರು? ದಾಖಲಾತಿ ಪುಸ್ತಕ ತೋರಿಸಿ." ನಮ್ಮ ಪಂಚಾಯಿತಿಯಲ್ಲಿ ಕೇಳಿದಾಗ ಸದಸ್ಯರೊಬ್ಬರಿಗೆ ತಾವು ಸದಸ್ಯರು ಅನ್ನೋದೇ ಗೊತ್ತಿರಲಿಲ್ಲ. ಮುಂದಿನ ಸಲ ಸಮಿತಿ ಮಾಡುವಾಗ ನನ್ನ ಹೆಸರು ಕೇಳಿ ಹಾಕಿಸಿಕೊಂಡೆ. ಸಂಬಳ ಇಲ್ಲ. ಆದರೆ ಆ ಕುರ್ಚಿಯಿಂದ ಬರೆದ ಪತ್ರಕ್ಕೆ ತೂಕ ಇದೆ.

ಎರಡು, ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರ 30 ದಿನದಲ್ಲಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಕಷ್ಟಸುಖ ಬರೀಬೇಡಿ, ದಾಖಲೆ ಕೇಳಿ. "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಕೆರೆಯ ನೀರಿನ ಪರೀಕ್ಷಾ ವರದಿಗಳ ನಕಲು" ಅಂತ ಬರೆದರೆ ಸಾಕು.

ಮೂರು, ಮೊಬೈಲಿನಲ್ಲೇ ಸಿಗೋ ಪರಿವೇಶ್ ಪೋರ್ಟಲ್. ಗಣಿ, ದೊಡ್ಡ ಕಾರ್ಖಾನೆಗಳಿಗಾದರೆ 2006ರ ಅಧಿಸೂಚನೆಯಂತೆ 30 ದಿನ ಮೊದಲೇ ನೋಟಿಸ್ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು, ವರದಿಯ ಸಾರಾಂಶವನ್ನು ಕನ್ನಡದಲ್ಲೂ ಕೊಡಬೇಕು. ಆದರೆ ನಮ್ಮ ಭಾಗದ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ: ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಆ ಸಭೆಯಿಂದ ವಿನಾಯಿತಿ ಇದೆ. ಹಾಗಾಗಿ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯಲ್ಲಿ ಏಳ್ತಿರೋ ಟೆಕ್ ಪಾರ್ಕ್, ಅಪಾರ್ಟ್‌ಮೆಂಟ್‌ಗಳಲ್ಲಿ ಹೆಚ್ಚಿನವು ನಿಮ್ಮನ್ನು ಕೇಳೋದೇ ಇಲ್ಲ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಪರಿಸರ ಅನುಮತಿ ಪಡೆದವರು ಷರತ್ತು ಪಾಲಿಸಿದ್ದೀವಿ ಅಂತ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ನಿಮ್ಮ ಮೇಲ್ಭಾಗದಲ್ಲಿರೋ ಯೋಜನೆಯ ವರದಿ ತೆಗೆದು ಓದಿ. ಎಸ್‌ಟಿಪಿ ನೀರು ಹೊರಗೆ ಬಿಡಲ್ಲ ಅಂತ ಬರೆದಿದ್ದರೆ, ಅವರ ಗೋಡೆ ಹಿಂದಿನ ಪೈಪಿನ ಫೋಟೊ ನಿಮ್ಮ ಹತ್ತಿರ ಇರಬೇಕು.

ನಾಲ್ಕು, ನೀರಿನ ಪರೀಕ್ಷೆ ಓದೋಕೆ ಕಲಿಯಿರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ನೀರಾವರಿಗೆ ಆಗೋದು 'ಇ' ವರ್ಗದ ನೀರು: ಪಿಎಚ್ 6.0ರಿಂದ 8.5, ಇಸಿ 2250 ಮೈಕ್ರೋಮೋಸ್ ಒಳಗೆ, ಬೋರಾನ್ ಲೀಟರಿಗೆ 2 ಮಿಲಿಗ್ರಾಂ ಒಳಗೆ. ಇದರಲ್ಲಿ ಸೀಸ, ಕ್ಯಾಡ್ಮಿಯಂ ಲೆಕ್ಕವೇ ಇಲ್ಲ. ಅಂದರೆ 'ಇ' ವರ್ಗ ಪಾಸಾದ ನೀರಲ್ಲಿ ಬೆಳೆದ ಸೊಪ್ಪು ತಿನ್ನೋಕೆ ಒಳ್ಳೇದು ಅಂತ ಅರ್ಥ ಅಲ್ಲ. ಹೆವಿ ಮೆಟಲ್ ಪರೀಕ್ಷೆ ಬೇರೆಯಾಗಿಯೇ ಕೇಳಬೇಕು, ದುಡ್ಡೂ ಜಾಸ್ತಿ. ಐದಾರು ಜನ ಸೇರಿ ಮಾಡಿಸಿ. ಈ ಅಂಕಿಗಳನ್ನು ಬದಲಾಯಿಸಿ ಅಂತ ಕೇಳೋದೇ ಒಂದು ಪೂರ್ತಿ ಜನ್ಮದ ಕೆಲಸ. ಅದನ್ನು ತರಕಾರಿ ಬೆಳೆಯೋರು ಕೇಳದೆ ಇನ್ಯಾರು ಕೇಳ್ತಾರೆ?

ಐದು, ಹಸಿರು ನ್ಯಾಯಮಂಡಳಿ. ದಕ್ಷಿಣದ ಪೀಠ ಚೆನ್ನೈನಲ್ಲಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ, ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ತೊಂದರೆ ಶುರುವಾದ ಆರು ತಿಂಗಳೊಳಗೆ ಹೋಗಬೇಕು. ನಮ್ಮವರು ಇಲ್ಲೇ ಎಡವೋದು. "ನೋಡೋಣ, ನೋಡೋಣ" ಅನ್ನೋದ್ರಲ್ಲಿ ಆರು ತಿಂಗಳು ಮುಗಿದಿರುತ್ತೆ. ದಿನಾಂಕ ಬರೆದ ನೋಟ್‌ಬುಕ್ ಇಲ್ಲಿ ಬೇಕಾಗುತ್ತೆ.

ಕನ್ನಡವೇ ನಿಮ್ಮ ಬಂಡವಾಳ

2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಅನುಮತಿಯ ನಿಯಮವನ್ನೇ ಬದಲಿಸೋ ಕರಡು ತಂತು. ಇಂಗ್ಲಿಷ್, ಹಿಂದಿಯಲ್ಲಿ ಪ್ರಕಟಿಸಿ ಆಕ್ಷೇಪಣೆ ಹೇಳಿ ಅಂತು. ಎಲ್ಲ ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಜೂನ್ 30ಕ್ಕೆ ಹೇಳಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಆ ಕರಡನ್ನು ಅಂತಿಮ ಮಾಡದಂತೆ ತಡೆಯಿತು. ಭಾಷೆ ಅನ್ನೋ ಒಂದೇ ಎಳೆ ಹಿಡಿದು ದೊಡ್ಡ ನಿಯಮವೊಂದನ್ನು ನಿಲ್ಲಿಸಬಹುದು ಅನ್ನೋದು ನಾನು ಅವತ್ತು ಕಲಿತದ್ದು.

ನಗರದ ಎನ್‌ಜಿಒಗಳಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ವೈಟ್‌ಫೀಲ್ಡ್ ರೈಸಿಂಗ್ ಥರದ ನಾಗರಿಕ ಗುಂಪುಗಳಲ್ಲಿ ಎಂಜಿನಿಯರು, ವಕೀಲರು ಎಲ್ಲ ಸಿಕ್ತಾರೆ. ಅವರಲ್ಲಿ ಇಲ್ಲದ್ದು ನಿಮ್ಮ ಹತ್ತಿರ ಇದೆ. ಪಹಣಿ ಓದೋಕೆ ಬರುತ್ತೆ, ರಾಜಕಾಲುವೆ ಯಾವ ಸರ್ವೆ ನಂಬರಿನಲ್ಲಿ ಮಾಯ ಆಯ್ತು ಅಂತ ಗೊತ್ತು, ಊರಿನ ಹಿರಿಯರ ಹತ್ತಿರ ಕೂತು ಮಾತಾಡಿಸೋಕೆ ಬರುತ್ತೆ. ಎರಡೂ ಕಡೆ ನಿಂತು ಮಾತಾಡೋರು ಕಮ್ಮಿ. ಅದಕ್ಕೇ ಅವರಿಗೆ ಬೆಲೆ ಜಾಸ್ತಿ.

ಹೊಟ್ಟೆಪಾಡು, ಹೆದರಿಕೆ

"ಸರಿ ಅಕ್ಕಾ, ಊಟಕ್ಕೇನು?" ಅಂತ ಆ ಹುಡುಗನೂ ಕೇಳಿದ. ಸುಳ್ಳು ಹೇಳಲ್ಲ. ಮೊದಲ ಎರಡು-ಮೂರು ವರ್ಷ ಈ ಕೆಲಸ ದುಡ್ಡು ತರಲ್ಲ. ನನ್ನ ಮನೆ ನಡೆಯೋದು ತರಕಾರಿ, ಹೂವಿನಿಂದ. ವಾರದಲ್ಲಿ ಒಂದೂವರೆ ದಿನ ಈ ಕೆಲಸಕ್ಕೆ ಇಟ್ಟಿದ್ದೀನಿ. ಈಗೀಗ ನೀರಿನ ಸಮೀಕ್ಷೆ, ಅನುವಾದ, ತರಬೇತಿ ಅಂತ ತಿಂಗಳಿಗೆ ಸ್ವಲ್ಪ ಬರುತ್ತೆ. ಅದರಿಂದ ಮನೆ ನಡೆಯಲ್ಲ, ಪರೀಕ್ಷೆ ಖರ್ಚು ಹುಟ್ಟುತ್ತೆ. ಅದಕ್ಕೇ ಹೇಳೋದು, ಬೋರ್‌ವೆಲ್ ಇರೋ ಹದಿನೈದು ಗುಂಟೆ ಮಾರಬೇಡಿ ಅಂತ. ಆ ಜಮೀನೇ ನಿಮಗೆ ಸಂಬಳ ಕೊಡೋದು. ಜಮೀನಿದ್ದೋನು "ನನ್ನ ಬೆಳೆ ಹೋಯ್ತು" ಅಂತ ಕೇಳಬಹುದು. ಮಾರಿ ಹೋದವನ ಮಾತಿಗೆ ಆ ಬಲ ಇರಲ್ಲ.

ಹೆದರಿಕೆಯೂ ಇದೆ. ಬ್ರೋಕರ್‌ಗಳು ಮನೆ ಬಾಗಿಲಿಗೆ ಬರ್ತಾರೆ. "ನಿಮ್ಮ ಮಗಳು ಊರಿನ ಜಮೀನಿನ ರೇಟು ಇಳಿಸ್ತಿದಾಳೆ" ಅಂತ ಅಪ್ಪನ ಹತ್ತಿರ ದೂರು ಬಂದಿದೆ. 2021ರ ಫೆಬ್ರುವರಿಯಲ್ಲಿ ರೈತ ಚಳವಳಿಯ ಟೂಲ್‌ಕಿಟ್ ವಿಷಯದಲ್ಲಿ ಬೆಂಗಳೂರಿನ ದಿಶಾ ರವಿ ಅವರನ್ನು ಬಂಧಿಸಿದ್ದು, ಹತ್ತು ದಿನದ ಮೇಲೆ ಜಾಮೀನು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಹಾಗಾಗಿ ಒಬ್ಬರೇ ನಿಲ್ಲಬೇಡಿ. ಗೊತ್ತಿಲ್ಲದ್ದನ್ನು ಫಾರ್ವರ್ಡ್ ಮಾಡಬೇಡಿ. ಹೇಳಿದ ಪ್ರತಿ ಮಾತಿಗೂ ಕಾಗದ ಇಟ್ಟುಕೊಳ್ಳಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಯವರು 1,777 ಎಕರೆ ಉಳಿಸಿಕೊಳ್ಳೋಕೆ 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅದು ಒಬ್ಬ ಲೀಡರ್ ಮಾಡಿದ್ದಲ್ಲ.

ಇನ್ನೊಂದು ಎಚ್ಚರಿಕೆ: ನಾವೂ ಸಾಚಾಗಳಲ್ಲ. ಪುಕ್ಕಟೆ ಸಾರಜನಕ ಸಿಗುತ್ತೆ ಅಂತ ಗೊತ್ತಿದ್ದೂ ಕೊಳಚೆ ನೀರು ಹಾಯಿಸೋರು ನಮ್ಮಲ್ಲಿದ್ದಾರೆ. ನಗರದವರಿಗೆ ಬೆರಳು ತೋರಿಸೋ ಮೊದಲು ನಮ್ಮ ಬಾವಿ ನೀರು ಪರೀಕ್ಷೆ ಮಾಡಿಸಬೇಕು. ಬಂದ ರಿಪೋರ್ಟನ್ನು ಮುಚ್ಚಿಡಬಾರದು.

ಹಾಗಾದ್ರೆ ಓದೋದು ಬೇಡ್ವಾ?

ಖಂಡಿತ ಓದಿ. ಸಾಲ, ಸ್ಕಾಲರ್‌ಶಿಪ್‌ನಲ್ಲಿ ಓದಿ, ಜಮೀನು ಮಾರಿ ಬೇಡ. ಮೂರು ವರ್ಷದ ಎಲ್‌ಎಲ್‌ಬಿ ಯಾವ ಪದವಿ ಮೇಲಾದರೂ ಮಾಡಬಹುದು. ಹಳ್ಳಿ ಕಡೆಯಿಂದ ಬಂದ ಪರಿಸರ ವಕೀಲರು ನಮಗೆ ತುಂಬ ಬೇಕು. ಸರ್ಜಾಪುರ ಹತ್ತಿರವೇ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡ್ತಾರೆ. ಪಂಚಾಯಿತಿ ಕೆಲಸ ಕಲಿಯೋಕೆ ಮೈಸೂರಿನಲ್ಲಿ ಅಬ್ದುಲ್ ನಜೀರ್‌ ಸಾಬ್ ಹೆಸರಿನ ಸಂಸ್ಥೆ ಇದೆ. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಮಂತ್ರಿ ಅವರು. ರಾಜ್ಯದ ಹವಾಮಾನ ಕ್ರಿಯಾ ಯೋಜನೆ ತಯಾರಿಸೋ ಎಂಪ್ರಿ ಸಂಸ್ಥೆಯೂ ಬೆಂಗಳೂರಿನಲ್ಲೇ ಇದೆ. ಅಲ್ಲಿನ ವರದಿಗಳನ್ನು ಓದಿ ನಿಮ್ಮ ತಾಲ್ಲೂಕಿನ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿ.

2023ರ ನವೆಂಬರ್‌ನಲ್ಲಿ ಬೆಂಗಳೂರು ನಗರದ್ದೇ ಒಂದು ಹವಾಮಾನ ಕ್ರಿಯಾ ಯೋಜನೆ ಬಂತು. 2050ಕ್ಕೆ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ತರೋ ಗುರಿ. ಒಳ್ಳೇದೇ. ಆದರೆ ಅದು ಬಿಬಿಎಂಪಿ ಗಡಿಯೊಳಗಿನ ಯೋಜನೆ. ಈಗ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಬಂದಿವೆ. ಗಡಿ ಎಲ್ಲಿಗೆ ಎಳೆದರೂ ಕೊಳಚೆ ಅದನ್ನು ದಾಟಿಯೇ ಬರುತ್ತೆ. ಗಡಿ ಆಚೆ ಇರೋ ನಮ್ಮ ಹೋಬಳಿಗಳ ಲೆಕ್ಕವನ್ನೂ ಆ ಪುಸ್ತಕದಲ್ಲಿ ಸೇರಿಸಿ ಅಂತ ಕೇಳೋ ಕೆಲಸಕ್ಕೆ ಇನ್ನೂ ಯಾರೂ ಅರ್ಜಿ ಹಾಕಿಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕೋಕಾಗುತ್ತಾ ಕೇಳು. ಆ ಒಂದು ವರ್ಷ ನಿಮ್ಮೂರ ಕೆರೆಯ ಲೆಕ್ಕ ಬರಿ. ಒಂದು ಮಾಹಿತಿ ಹಕ್ಕು ಅರ್ಜಿ, ಒಂದು ನೀರಿನ ಪರೀಕ್ಷೆ, ಎರಡು ಗ್ರಾಮಸಭೆ. ಆಮೇಲೂ ಫಾರಿನ್ನಿಗೆ ಹೋಗಬೇಕು ಅನ್ನಿಸಿದರೆ ಸ್ಕಾಲರ್‌ಶಿಪ್ ಅರ್ಜಿಗೆ ಈ ನೋಟ್‌ಬುಕ್ ಲಗತ್ತಿಸು."

ಯೂನಿವರ್ಸಿಟಿಗೆ ಬರೆದು ಕೇಳಿದ್ದಾನೆ. ಅವರ ಉತ್ತರ ಇನ್ನೂ ಬಂದಿಲ್ಲ. ಅವನ ಅಪ್ಪನೂ ಇನ್ನೂ ಯಾರಿಂದಲೂ ಅಡ್ವಾನ್ಸ್ ತಗೊಂಡಿಲ್ಲ. ಹೋದ ಭಾನುವಾರ ಬೆಳಗ್ಗೆ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದ. ಕೆರೆಯ ತೂಬು, ಪಕ್ಕದಲ್ಲಿ ದಿನಾಂಕ, ಸಮಯ. ಕೆಳಗೆ ಬರೆದಿದ್ದ: "ಅಕ್ಕಾ, ಬಣ್ಣ ಹಸಿರು, ವಾಸನೆ ಇಲ್ಲ. ಮೊದಲ್ನೇ ದಿನ."

ನಿಮ್ಮೂರ ಕೆರೆಯದ್ದು ಯಾವ ಬಣ್ಣ? ನಾಳೆ ಬೆಳಗ್ಗೆ ಹಾಲು ಹಾಕೋಕೆ ಹೋಗುವಾಗ ಹಾಗೇ ಒಂದು ಫೋಟೊ ತೆಗೆದಿಡಿ.